ಕಕ್ಕಡದ ಮಳೆಗೆ ಕಳಚಿಕೊಳ್ಳುವ ಆಟೊಪೈಲಟ್

ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನ ಬೋಯಿಂಗ್ 737ರಲ್ಲಿ ಆಟೊಪೈಲಟ್ ತಾನಾಗಿ ಕಳಚಿಕೊಂಡರೆ, ಅಥವಾ ಅದನ್ನು ಚಾಲೂ ಮಾಡುವ ಸಿಎಂಡಿ ಗುಂಡಿ ಒತ್ತಿದರೂ ಹಿಡಿಯದಿದ್ದರೆ, ನಾನು ಮೊದಲು ನೋಡುವುದು ಜಾಯ್‌ಸ್ಟಿಕ್. ಮಡಿಕೇರಿಯ ಮಳೆಗಾಲದಲ್ಲಿ, ಅದರಲ್ಲೂ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು), ಪುಸ್ತಕಗಳಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಅಗ್ಗದ ಜಾಯ್‌ಸ್ಟಿಕ್‌ನೊಳಗೆ ಕಡ್ಡಿಯ ಸ್ಥಾನ ಅಳೆಯುವ ಪೊಟೆನ್ಷಿಯೋಮೀಟರ್ ಉಳಿದೀತೆ? ತೇವ, ಧೂಳು ಸೇರಿದರೆ ಕೈ ಬಿಟ್ಟಿದ್ದರೂ ಸಿಗ್ನಲ್ ನಡುಗುತ್ತದೆ. ಪೈಲಟ್ ಕಂಟ್ರೋಲ್ ಎಳೆಯುತ್ತಿದ್ದಾನೆ ಎಂದೇ ವಿಮಾನ ತಿಳಿಯುತ್ತದೆ.

ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರೀಕ್ಷೆ ತೆರೆದು, ಕೈ ಬಿಟ್ಟು ಅಡ್ಡಗೆರೆಯ ಗುರುತನ್ನು ಗಮನಿಸಿ. ಅದು ಅಲುಗಿದರೆ ಡೆಡ್ ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಭಾಗ) ಅನ್ನು 5ರಿಂದ 10 ಶೇಕಡಾಕ್ಕೆ ಏರಿಸಿ. ಸಾಲದಿದ್ದರೆ ಪ್ಲಗ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಕಡ್ಡಿಯನ್ನು ಪೂರ್ತಿ ತಿರುಗಿಸುತ್ತಾ ಒಣಗಲು ಬಿಡಿ. ಉಜ್ಜದೆ ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇರುವ ಕಡ್ಡಿಗೆ ಈ ಕಾಟ ಇಲ್ಲ; ಕೊಡಗಿನಲ್ಲಿ ಕೊಳ್ಳುವವರಿಗೆ ನಾನು ಅದನ್ನೇ ಹೇಳುವುದು. ಎರಡು ಸಾಧನ ಜೋಡಿಸಿದ್ದರೆ ಒಂದೇ ಆಕ್ಸಿಸ್ (ಚಲನೆಯ ದಿಕ್ಕು) ಎರಡಕ್ಕೂ ಕೊಟ್ಟಿಲ್ಲವೇ ನೋಡಿ. ಹೊಸದನ್ನು ಚುಚ್ಚಿದಾಗ ಸಿಮ್ಯುಲೇಟರ್ ತಾನೇ ಹಂಚಿಬಿಟ್ಟಿರುತ್ತದೆ.

ಕಡ್ಡಿ ಸರಿಯಿದ್ದೂ ಎಲ್‌ನ್ಯಾವ್ (ಹಾಕಿಟ್ಟ ಮಾರ್ಗದಲ್ಲಿ ಹಾರಿಸುವ ವಿಧಾನ) ಹಿಡಿಯದಿದ್ದರೆ ಕಾರಣ ಹೆಚ್ಚಾಗಿ ಎಫ್‌ಎಂಸಿಯಲ್ಲಿ, ಅಂದರೆ ಮಾರ್ಗ ತುಂಬುವ ಕಂಪ್ಯೂಟರ್‌ನಲ್ಲಿ, ಇರುತ್ತದೆ. ರೂಟ್ ಆಕ್ಟಿವೇಟ್ ಮಾಡಿ ಎಕ್ಸೆಕ್ ಗುಂಡಿ ಒತ್ತಿರಬೇಕು, ವಿಮಾನ ಎಲ್ಲಿದೆ ಎಂದು ತಿಳಿಸುವ ಐಆರ್‌ಎಸ್ ಅಲೈನ್ ಆಗಿರಬೇಕು, ಮಾರ್ಗದ ಬಿಂದುಗಳಿರುವ ಲೆಗ್ಸ್ ಪುಟದಲ್ಲಿ ಡಿಸ್ಕಂಟಿನ್ಯೂಟಿ (ಮಾರ್ಗ ಕಡಿದ ಜಾಗ) ಇರಬಾರದು. ಹಾರುವಾಗ ವಿಮಾನ ಮಾರ್ಗದಿಂದ 3 ನಾಟಿಕಲ್ ಮೈಲಿಯೊಳಗಿದ್ದರೆ ಹೆಡಿಂಗ್ ಏನೇ ಇದ್ದರೂ ಹಿಡಿಯುತ್ತದೆ. ಅದರಾಚೆ 90 ಡಿಗ್ರಿ ಮೀರದ ಕೋನದಲ್ಲಿ, ಆಕ್ಟಿವ್ ವೇಪಾಯಿಂಟ್‌ಗೆ (ಮುಂದೆ ತಲುಪಬೇಕಾದ ಬಿಂದು) ಮುಂಚೆಯೇ ಮಾರ್ಗವನ್ನು ಸೇರುವಂತಿರಬೇಕು. ಗುಂಡಿಯ ದೀಪ ನಂಬಬೇಡಿ, ಮುಂದಿನ ಪರದೆಯ ಮೇಲ್ತುದಿಯಲ್ಲಿ ಆಟೊಪೈಲಟ್‌ನ ಸ್ಥಿತಿ ಬರೆಯುವ ಎಫ್‌ಎಂಎ ಓದಿ. ಅಲ್ಲಿ ಹಸಿರಲ್ಲಿ ಬರೆದದ್ದೇ ನಿಜ, ಬಿಳಿ ಬರೀ ಕಾಯುತ್ತಿರುವುದು.

ವಿನ್ಯಾವ್‌ನಲ್ಲಿ (ಏರಿಳಿತ ನೋಡಿಕೊಳ್ಳುವ ವಿಧಾನ) ಇಳಿಯದಿದ್ದರೆ ಹತ್ತಕ್ಕೆ ಒಂಬತ್ತು ಸಲ ಎಂಸಿಪಿಯಲ್ಲಿ, ಅಂದರೆ ಆಟೊಪೈಲಟ್‌ನ ಗುಂಡಿಗಳ ಫಲಕದಲ್ಲಿ, ಎತ್ತರ ಇನ್ನೂ ಕ್ರೂಸ್‌ನಲ್ಲೇ ಇರುತ್ತದೆ. ಟಾಪ್ ಆಫ್ ಡಿಸೆಂಟ್‌ಗೆ (ಇಳಿಯಲು ಶುರುವಾಗುವ ಬಿಂದು) ಮೊದಲೇ ಅದನ್ನು ಕೆಳಗಿಡಿ. ಬೆಂಗಳೂರಿಂದ ಕಣ್ಣೂರಿಗೆ ನೇರ ಹೋದರೆ ದಕ್ಷಿಣ ಕೊಡಗಿನ ಮೇಲೆಯೇ ದಾರಿ. ಅಲ್ಲಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್, ಅಂದರೆ ಸುಮಾರು 5,735 ಅಡಿ. ಅದನ್ನು ದಾಟುವ ಮೊದಲು ಅದಕ್ಕಿಂತ ಕಡಿಮೆ ಇಡುವುದು ಬೇಡ.

ಅಪ್ರೋಚ್‌ನಲ್ಲಿ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೋ ಸಂಕೇತ) ಹಿಡಿಯದಿದ್ದರೆ ನ್ಯಾವ್ 1 ರೇಡಿಯೋದ ಫ್ರೀಕ್ವೆನ್ಸಿ, ಕೋರ್ಸ್ ಎರಡನ್ನೂ ಚಾರ್ಟಿಗೆ ಹೋಲಿಸಿ. ಗ್ಲೈಡ್‌ಸ್ಲೋಪನ್ನು (ಇಳಿಜಾರು ತೋರುವ ಸಂಕೇತ) ಕೆಳಗಿನಿಂದ ಸೇರಿ. ಎಫ್‌ಎಂಸಿಯ ಡೇಟಾಗೂ ಸಿಮ್ಯುಲೇಟರ್‌ನ ಡೇಟಾಗೂ ಏರಾಕ್ (ವಿಮಾನಯಾನ ಮಾಹಿತಿಯ ಆವೃತ್ತಿ) ಬೇರೆಯಿದ್ದರೆ ರನ್‌ವೇ ಹೆಸರೇ ತಾಳೆಯಾಗದೆ ಹೋಗಬಹುದು. ಏರಾಕ್ 28 ದಿನಕ್ಕೊಮ್ಮೆ ಬದಲಾಗುತ್ತದೆ.

ಇಳಿಯುವಾಗ ಆಲ್ಟಿಮೀಟರ್ (ಎತ್ತರಮಾಪಕ) ಇನ್ನೂ ಸ್ಟ್ಯಾಂಡರ್ಡ್‌ನಲ್ಲಿದ್ದರೆ (1013 ಹೆಕ್ಟೋಪಾಸ್ಕಲ್ ಒತ್ತಡ), ಸ್ಥಳೀಯ ಒತ್ತಡದ ವ್ಯತ್ಯಾಸಕ್ಕೆ ಹೆಕ್ಟೋಪಾಸ್ಕಲ್‌ಗೆ ಸುಮಾರು 27 ಅಡಿಯಂತೆ ಎತ್ತರ ತಪ್ಪುತ್ತದೆ.