ಮಲ್ಲಿಗಿ ಗಿಡ ಭಾಳ ಹಬ್ಬೈತೇನ್ರಿ? ಹಿಂಗ ಕತ್ರಸ್ರಿ

ದುಂಡು ಮಲ್ಲಿಗಿ ಹಚ್ಚೋವಾಗ ಗೇಣುದ್ದ ಇರ್ತದ, ಆದ್ರ ಹಂಗೇ ಬಿಟ್ರ 4-5 ಅಡಿ ಎತ್ತರ, ಅಷ್ಟೇ ಅಗಲ ಹಬ್ತದ್ರಿ, ಅದಕ್ಕ ಗಿಡದಿಂದ ಗಿಡಕ್ಕ 4 ಅಡಿ ಜಾಗ ಬಿಡ್ರಿ. ನಮ್ಮ ರಾಯಚೂರು ಕಡಿ ಕತ್ರಸಾಕ ಡಿಸೆಂಬರ್ ಚಲೋ, ಒಂದು ವಾರ ಮೊದ್ಲ ನೀರು ನಿಲ್ಸಿ, ನೆಲದಿಂದ ಒಂದೂವರಿ ಅಡಿ ಬಿಟ್ಟು ಮ್ಯಾಲಿಂದೆಲ್ಲ ತೆಗೀರಿ, ಒಣಗಿದ್ದು ಸೊರಗಿದ್ದು ಬುಡಕ್ಕ ಕತ್ರಸ್ರಿ, ಉಳಿದ ಎಲಿನೂ ಉದುರಿಸ್ರಿ. ಬೋಳು ಗಿಡ ನೋಡಿ ಹೊಟ್ಟಿ ಚುರ್ ಅಂತದ ಖರೆ, ಆದ್ರ ಮೊಗ್ಗು ಬಿಡೋದು ಹೊಸ ಚಿಗುರಿನ ತುದಿಗೇನ. ಆಮ್ಯಾಲ ಬುಡ ಕೆದರಿ ಒಂದು ಬುಟ್ಟಿ ಸಗಣಿ ಗೊಬ್ಬರ ಹಾಕಿ ನೀರು ಬಿಡ್ರಿ. ಏಪ್ರಿಲ್-ಮೇ ಬಿಸಿಲಾಗ ಮಾತ್ರ ಜೋರು ಕತ್ರಸಬ್ಯಾಡ್ರಿ, ಆಗ ಹೂ ಕೀಳೋವಾಗ ಹಂಗೇ ಉದ್ದ ಬೆಳೆದ ಕಡ್ಡಿ ತುದಿ ಚಿವುಟಿದ್ರ ಸಾಕು.