ರಾಮನ ಮೈಯಲ್ಲಿದ್ದ ಎರಡು ನೀಲಿ

ಸಕಲೇಶಪುರದ ಕಡೆಯ ಒಂದು ಹಳೆಯ ಮನೆಯ ದೇವರಕೋಣೆಯಲ್ಲಿದ್ದ ಮೈಸೂರು ಶೈಲಿಯ ಪಟ್ಟಾಭಿಷೇಕದ ಚಿತ್ರವನ್ನು ಸಂರಕ್ಷಿಸಲು ಒಪ್ಪಿಕೊಂಡಾಗ ನನ್ನನ್ನು ಹೆಚ್ಚು ಕಾಡಿದ್ದು ರಾಮನ ಮೈಬಣ್ಣ. ಮಲೆನಾಡಿನ ತೇವಕ್ಕೆ ಗೆಸ್ಸೊ, ಅಂದರೆ ಚಿನ್ನದ ಕೆಳಗೆ ಉಬ್ಬಾಗಿ ಬಳಿದ ಲೇಪ, ಅಲ್ಲಲ್ಲಿ ಎದ್ದು ಚಿನ್ನದ ರೇಕು ಬಿರುಕುಬಿಟ್ಟಿತ್ತು. ಅದು ಕಣ್ಣಿಗೆ ಕಾಣುವ ತೊಂದರೆ. ಆದರೆ ಮನೆಯ ಅಜ್ಜಿ, "ನಮ್ಮ ಮಾವನವರ ಕಾಲದಲ್ಲಿ ಒಂದು ಸಲ ಬಣ್ಣ ತುಂಬಿಸಿದ್ದರಂತೆ, ಎಲ್ಲಿ ಅಂತ ನನಗೆ ಗೊತ್ತಿಲ್ಲಪ್ಪ" ಎಂದರು. ನನ್ನ ಕಣ್ಣಿಗೂ ಅದು ಗೊತ್ತಾಗಲಿಲ್ಲ. ನಿತ್ಯ ಪೂಜೆಗೊಳ್ಳುವ ಚಿತ್ರದಿಂದ ಮಾದರಿ ಕೆರೆದು ತೆಗೆಯುವುದು ನನಗೆ ಒಪ್ಪಿತವಿರಲಿಲ್ಲ.

ಆದ್ದರಿಂದ ಕಿಟಕಿಗೆ ಕಂಬಳಿ ಕಟ್ಟಿ, ರಾತ್ರಿಯ ಹೊತ್ತು ಆ ಚಿತ್ರದ ಫೋಟೊ ತೆಗೆಯತೊಡಗಿದೆ. ಅವಕೆಂಪು, ಅಂದರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕು, ತಡೆಯುವ ಗಾಜನ್ನು ತೆಗೆಸಿದ ಹಳೆಯ ಕ್ಯಾಮೆರಾ ಸುಮಾರು 1000 ನ್ಯಾನೊಮೀಟರ್ (ಬೆಳಕಿನ ತರಂಗದ ಉದ್ದದ ಅಳತೆ) ವರೆಗೂ ಬೆಳಕನ್ನು ಹಿಡಿಯುತ್ತದೆ. 850 ನ್ಯಾನೊಮೀಟರ್‌ನ ಅವಕೆಂಪು ದೀಪದಲ್ಲಿ ತೆಗೆದ ಚಿತ್ರವನ್ನು ಕೆಂಪಿನ ಜಾಗಕ್ಕೂ, ಸಾಮಾನ್ಯ ಚಿತ್ರದ ಕೆಂಪನ್ನು ಹಸಿರಿನ ಜಾಗಕ್ಕೂ, ಹಸಿರನ್ನು ನೀಲಿಯ ಜಾಗಕ್ಕೂ ಸರಿಸಿದಾಗ ರಾಮನ ಮೈಯೆಲ್ಲ ಕೆಂಪಾಗಿ ಕಂಡಿತು, ಕಪ್ಪಗಿದ್ದ ಎಡ ಮೊಣಕಾಲೊಂದನ್ನು ಬಿಟ್ಟು. ಅವಕೆಂಪನ್ನು ಹೀರಿ ಕಪ್ಪಾಗಿ ಕಾಣುವುದು ಪ್ರಷ್ಯನ್ ನೀಲಿ ಎಂಬ ಕೃತಕ ಬಣ್ಣ. ಅಲ್ಲಿ ಅದೇ ಇದೆಯೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೂಬಿಟ್ಟೆ. ಮರುದಿನ ಅದೇ ದೀಪಗಳನ್ನು ಅದೇ ಜಾಗದಲ್ಲಿಟ್ಟು ಬರಿಯ ಬಿಳಿ ಹಲಗೆಯೊಂದರ ಚಿತ್ರ ತೆಗೆದು, ಅದರ ಪ್ರತಿ ಚುಕ್ಕೆಯ ಬೆಳಕಿನಿಂದ ಮೊದಲಿನ ಚಿತ್ರದ ಅದೇ ಚುಕ್ಕೆಯನ್ನು ಭಾಗಿಸಿದಾಗ ಆ ಕಪ್ಪು ಮಾಯವಾಯಿತು. ಅದು ದೀಪದ ಓರೆಯ ನೆರಳಾಗಿತ್ತು. ಬಿಳಿ ಹಲಗೆಯ ಚಿತ್ರವಿಲ್ಲದೆ ಅಂದಿನಿಂದ ನಾನು ಯಾವ ನಿರ್ಣಯಕ್ಕೂ ಬಂದಿಲ್ಲ.

ಈಗ ಉಳಿದದ್ದು ನಿಜವಾದ ಕಷ್ಟ. ಗಿಡದಿಂದ ತೆಗೆದ ನೀಲಿಯೂ ಕಾರ್ಖಾನೆಯಲ್ಲಿ ಮಾಡುವ ಅಲ್ಟ್ರಾಮರೀನ್ ಎಂಬ ನೀಲಿಯೂ ಅವಕೆಂಪನ್ನು ಪ್ರತಿಫಲಿಸುವುದರಿಂದ ಎರಡೂ ಕೆಂಪಾಗಿಯೇ ಕಾಣುತ್ತವೆ. ಆದರೆ ಗಿಡದ ನೀಲಿ 660 ನ್ಯಾನೊಮೀಟರ್‌ನ ಆಸುಪಾಸಿನಲ್ಲಿ ಅತಿ ಹೆಚ್ಚು ಬೆಳಕನ್ನು ಹೀರಿದರೆ, ಅಲ್ಟ್ರಾಮರೀನ್ 600ರ ಸುತ್ತ ಹೀರಿ ಮುಂದೆ ತಿಳಿಯಾಗುತ್ತ ಹೋಗುತ್ತದೆ. ಗಿಡ ಬೆಳೆಸಲು ಮಾರುವ 660ರ ಎಲ್‌ಇಡಿಯನ್ನೂ 590ರ ಹಳದಿ ಎಲ್‌ಇಡಿಯನ್ನೂ ತಂದು, ಎರಡೂ ನೀಲಿಗಳನ್ನು ಗೋಂದು ಮತ್ತು ಬಿಳಿಯೊಡನೆ ಕಲಸಿ ಕಾಗದದ ಮೇಲೆ ಬಳಿದ ಮಾದರಿಗಳನ್ನು ಚಿತ್ರದ ಪಕ್ಕದಲ್ಲಿಟ್ಟೆ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಚಿತ್ರಗಳ ಕೆಂಪು ಪದರವನ್ನಷ್ಟೇ ತೆಗೆದುಕೊಂಡು, ಭಿನ್ನಾಂಕಗಳು ಉಳಿಯುವಂತೆ 32 ಬಿಟ್‌ಗೆ ಬದಲಿಸಿ, 660ರದ್ದನ್ನು 590ರದ್ದರಿಂದ ಭಾಗಿಸಿದೆ. ಗಿಡದ ನೀಲಿಯ ಮಾದರಿ 1ಕ್ಕಿಂತ ಕೆಳಗೂ ಅಲ್ಟ್ರಾಮರೀನ್ ಮೇಲೂ ನಿಂತವು. ರಾಮನ ಮೈಯ ಬಹುಭಾಗ ಕೆಳಗಿತ್ತು. ಬಲಭುಜದಿಂದ ಎದೆಯವರೆಗಿನ ಒಂದು ಅಂಕುಡೊಂಕಾದ ತೇಪೆ ಮಾತ್ರ ಮೇಲಿತ್ತು. ಅಜ್ಜಿ ಹೇಳಿದ, ಬಣ್ಣ ತುಂಬಿಸಿದ ಜಾಗ ಅದೇ ಇರಬೇಕು.

ಕೃತಕ ಅಲ್ಟ್ರಾಮರೀನ್ ತಯಾರಿಸಿದ್ದಕ್ಕೆ ಫ್ರಾನ್ಸಿನ ಗಿಮೆಗೆ ಬಹುಮಾನ ಸಂದದ್ದು 1828ರಲ್ಲಿ. ಬಟ್ಟೆಗೆ ಹಾಕುತ್ತಿದ್ದ ನೀಲಿಪುಡಿಯಲ್ಲಿಯೂ ಅದೇ ಇರುತ್ತಿತ್ತು. ಆದರೂ ಚಿತ್ರವಿಶ್ಲೇಷಣೆ ಕೊಡುವುದು ಬಲವಾದ ಅನುಮಾನವನ್ನೇ ಹೊರತು ಸಾಕ್ಷಿಯನ್ನಲ್ಲ. ಭುಜದ ನೇರಕ್ಕೆ ಚಿತ್ರದ ಚೌಕಟ್ಟಿನ ಗಾಜಿನ ಒಳಬದಿಗೆ ಅಂಟಿಕೊಂಡಿದ್ದ, ಸಾಸಿವೆಗಿಂತ ಚಿಕ್ಕದಾದ ಚೂರೊಂದಕ್ಕೆ ಭೂತಗನ್ನಡಿಯ ಕೆಳಗೆ ತೆಳು ಆಮ್ಲದ ಹನಿ ತಾಗಿಸಿದೆ. ನೀಲಿ ಅಳಿಸಿಹೋಯಿತು. ಗಿಡದ ನೀಲಿಯಾಗಿದ್ದರೆ ಹಾಗಾಗುತ್ತಿರಲಿಲ್ಲ.

ಅವಕೆಂಪು ಚಿತ್ರದಲ್ಲಿ ತೇಪೆಯ ಅಡಿಯಲ್ಲಿ ಮೊದಲ ಚಿತ್ರಕಾರನ ಕಾಡಿಗೆಯ ಗೆರೆ, ಕಂಠಹಾರದ ಬಳುಕಿನೊಡನೆ, ಹಾಗೆಯೇ ಉಳಿದಿರುವುದು ಕಂಡಿತು. ಅದನ್ನು ಹೊರತೆಗೆಯುವ ಆಸೆ ಬಲವಾಗಿಯೇ ಆಯಿತು. ಆದರೆ ಎರಡು ಪದರಗಳೂ ನೀರಿಗೆ ಕರಗುವಂಥವಾದ್ದರಿಂದ ಮೇಲಿನದನ್ನು ಎತ್ತಿದರೆ ಕೆಳಗಿನದೂ ಬರುವ ಅಪಾಯವಿತ್ತು. ತೇಪೆಯನ್ನು ಮುಟ್ಟದೆ ಎದ್ದ ಗೆಸ್ಸೊವನ್ನಷ್ಟೇ ಕೂರಿಸಿ, ಗೆರೆ ಕಾಣುವ ಆ ಚಿತ್ರದ ಪ್ರತಿಯನ್ನು ಮನೆಯವರಿಗೆ ಕೊಟ್ಟೆ.