ಅಸಿಟ್ರಾಮ್ ಡೋಸು, ನನ್ನ ಎಕ್ಸೆಲ್ ಶೀಟು

ಗಂಗಾವತಿಯಲ್ಲಿ ಫಿಜಿಶಿಯನ್ ಆಗಿ ಕೂತ ಮೊದಲ ವರ್ಷಗಳಲ್ಲಿ ಅಸಿಟ್ರಾಮ್ ಅನ್ನೋ ರಕ್ತ ತೆಳು ಮಾಡೋ ಗುಳಿಗಿ ಡೋಸನ್ನ ಅಂದಾಜಿನ ಮೇಲೇ ಬರೀತಿದ್ದೆ. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ಹೃದಯದ ವಾಲ್ವ್ ಕೆಟ್ಟು ಮೆಟಲ್ ವಾಲ್ವ್ ಹಾಕಿಸ್ಕೊಂಡವರು ನನ್ನ ಹತ್ರ ಬರ್ತಾರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅಂತ ಹೇಳೋ ಟೆಸ್ಟು, ಅಂಕಿ ಏರಿದಷ್ಟೂ ರಕ್ತ ತೆಳು ಅಂತ) ನೋಡೋ ಗೋಜಿಲ್ಲದ ಹೊಸ ಮಾತ್ರೆಗಳನ್ನ ಇವ್ರಿಗೆ ಕೊಡಂಗಿಲ್ಲ, ಹಂಗಾಗಿ ಅಸಿಟ್ರಾಮೇ ಗತಿ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಆದ್ರೆ ಐಎನ್‌ಆರ್ 2.5ರಿಂದ 3.5ರೊಳಗೆ ಇರ್ಬೇಕು. 2.2 ಬಂತಂದ್ರೆ ವಾಲ್ವಲ್ಲಿ ರಕ್ತ ಹೆಪ್ಪುಗಟ್ಟಿಬಿಟ್ರೆ ಅಂತ ಹೆದರಿ ದಿನಕ್ಕೆ 2 ಮಿಗ್ರಾಂ ಇದ್ದದ್ದನ್ನ 3 ಮಾಡ್ತಿದ್ದೆ, ಒಂದೇ ಏಟಿಗೆ ಅರ್ಧದಷ್ಟು ಏರಿಸಿದಂಗೆ ಅದು, ಮುಂದಿನ ಸಲ 5 ದಾಟಿ ಹಲ್ಲುಜ್ಜುವಾಗ ರಕ್ತ ಬರ್ತೈತಿ ಅಂತ ಬರೋರು, ಮತ್ತೆ ಇಳಿಸೋದು, ಮತ್ತೆ ಏರಿಸೋದು.

ಆಮೇಲೆ ನಾನೇ ಒಂದು ಎಕ್ಸೆಲ್ ಶೀಟ್ ಮಾಡ್ಕೊಂಡೆ. ದಿನದ್ದಲ್ಲ, ವಾರದ ಒಟ್ಟು ಡೋಸ್ ಹಾಕ್ಬೇಕು, ಐಎನ್‌ಆರ್ ಎಷ್ಟು ಆಚೀಚೆ ಇದೆ ನೋಡಿ ಅದು ಶೇಕಡಾ 5ರಿಂದ 20ರೊಳಗೆ ಮಾತ್ರ ಏರಿಸು ಇಳಿಸು ಅನ್ನುತ್ತೆ. ಅದೇ 2.2ಕ್ಕೆ ಈಗ ವಾರಕ್ಕೆ 14 ಇದ್ದದ್ದು 15.5 ಆಗುತ್ತೆ ಅಷ್ಟೇ, ನಾಲ್ಕು ದಿನ 2, ಮೂರು ದಿನ ಎರಡೂವರೆ. 2008ರಲ್ಲಿ ಬಂದ ದೊಡ್ಡ ಟ್ರಯಲ್‌ನಲ್ಲಿ 13,000ಕ್ಕೂ ಹೆಚ್ಚು ಪೇಷೆಂಟ್‌ಗಳಲ್ಲಿ ಅನುಭವಸ್ಥರು ಕೈಯಾರೆ ಬರೆದ ಡೋಸನ್ನ ಡಾನ್ ಎಸಿ, ಪಾರ್ಮಾ 5 ಅನ್ನೋ ಡೋಸ್ ಲೆಕ್ಕದ ಕಂಪ್ಯೂಟರ್ ಪ್ರೋಗ್ರಾಂಗಳ ಜೊತೆ ಹೋಲಿಸಿದ್ರು, ಐಎನ್‌ಆರ್ ರೇಂಜಲ್ಲಿದ್ದ ಸಮಯ ಕಂಪ್ಯೂಟರ್ ಕಡೆ ತುಸು ಜಾಸ್ತಿನೇ ಇತ್ತು. ಓದಿದಾಗ ನನಗೆ ಆಶ್ಚರ್ಯ ಆಗ್ಲಿಲ್ಲ. ಹೆದರಿಕೆಯಿಂದ ಡೋಸ್ ಬರೆಯೋದು ಎಷ್ಟು ಕೆಟ್ಟದ್ದು ಅಂತ ಕಣ್ಣಾರೆ ಕಂಡಿದ್ದೆ.

ಆದ್ರೆ ಶೀಟನ್ನೇ ನಂಬಿ ಕೂರಂಗೂ ಇಲ್ಲ. ಕಾರಟಗಿ ಕಡೆಯ ಒಬ್ಬ ತಾಯಿಗೆ ತಿಂಗಳುಗಟ್ಟಲೆ ಸರಿಯಿದ್ದ ಐಎನ್‌ಆರ್ ಭತ್ತದ ನಾಟಿ ಟೈಮಲ್ಲಿ 5.8 ಬಂತು, ಶೀಟು ವಾರದ ಡೋಸ್ ಕಡಿಮೆ ಮಾಡು ಅಂತು. "ಯವ್ವಾ, ಬ್ಯಾರೆ ಏನರ ಗುಳಿಗಿ ತಗೊಂಡ್ಯಾ?" ಅಂದೆ. "ಇಲ್ರೀ ಸಾಹೇಬ್ರ" ಅಂದ್ಲು, ಸ್ವಲ್ಪ ಹೊತ್ತು ಬಿಟ್ಟು "ಭೇದಿ ಹತ್ತಿತ್ತು, ಅಂಗಡ್ಯಾಗ ಕೊಟ್ಟಿದ್ರು" ಅಂತ ಸೆರಗಿನ ಗಂಟು ಬಿಚ್ಚಿ ಒಂದು ಖಾಲಿ ಸ್ಟ್ರಿಪ್ ತೆಗೆದ್ಲು. ಮೆಟ್ರೊನಿಡಜೋಲ್! ಅಸಿಟ್ರಾಮ್ ಜೊತೆ ಸೇರಿದ್ರೆ ಐಎನ್‌ಆರ್ ಏರಿಸೋದು ಅದೇ, ಕೋರ್ಸ್ ಆಗ್ಲೇ ಮುಗಿದಿತ್ತು, ಈಗ ಡೋಸ್ ಕಾಯಂ ಇಳಿಸಿದ್ರೆ ಮುಂದಿನ ವಾರ ರೇಂಜಿಗಿಂತ ಕೆಳಗೆ ಜಾರೋದು. ಎಲ್ಲೂ ರಕ್ತ ಬಂದಿಲ್ಲ, ಮೈಮೇಲೆ ನೀಲಿ ಕಲೆ ಇಲ್ಲ ಅಂತ ನೋಡ್ಕೊಂಡು ಎರಡು ದಿನ ಗುಳಿಗಿ ನಿಲ್ಲಿಸಿ ಹಳೇ ಡೋಸೇ ಮುಂದುವರಿಸಿದೆ. ವಾರದೊಳಗೆ 2.9.

ಅವತ್ತು ಸಂಜೆನೇ ಶೀಟಿಗೆ ಒಂದು ಕಾಲಂ ಸೇರಿಸಿದೆ, "ಬ್ಯಾರೆ ಗುಳಿಗಿ, ನಾಟಿ ಔಷಧ, ಭೇದಿ, ಜ್ವರ" ಅಂತ. ಅದನ್ನ ತುಂಬೋ ತನಕ ಡೋಸ್ ಕಾಣ್ಸಲ್ಲ.